ಗಂಗವ್ವನ ಉಡಿ ಮತ್ತು ಸಾಹುಕಾರರ ರೊಟ್ಟಿಮೀನು

ಪುಣೆಯ ಹತ್ತಿರದ ನಿಗಡಿಯ ಮೂರಂತಸ್ತಿನ ಕಟ್ಟಡವೊಂದರ ಕಡೆಯ ಸ್ಲ್ಯಾಬಿನ ಕೂಲಿ, ಹದಿನಾಲ್ಕು ಸಾವಿರ ರೂಪಾಯಿ, ನಿಜಲಿಂಗಪ್ಪ ಸಾಹುಕಾರರು ಗೌಂಡಿ ಕಾಡಪ್ಪನಿಗೂ ಅವನ ಹೆಂಡತಿ ಸಾವಂತ್ರವ್ವನಿಗೂ ಇನ್ನೂ ಕೊಡಬೇಕು. 2004ರ ಬಾಕಿ. ಆ ಕಟ್ಟಡದಲ್ಲಿ ಈಗ ಜನ ಸಂಸಾರ ಹೂಡಿದ್ದಾರೆ, ಬಾಲ್ಕನಿಯಲ್ಲಿ ತುಳಸಿ ಬೆಳೆದಿದೆ, ಬಾಡಿಗೆ ತಿಂಗಳು ತಪ್ಪದೆ ಸಾಹುಕಾರರ ಮನೆ ಸೇರುತ್ತಿದೆ. ಕೂಲಿ ಮಾತ್ರ ಕಾಡಪ್ಪನ ಶೆಡ್ಡಿನ ದಾರಿ ಹಿಡಿದಿಲ್ಲ. ಆದರೆ ಸಾವಂತ್ರವ್ವ ಕಳೆದುಕೊಂಡದ್ದರಲ್ಲಿ ಈ ದುಡ್ಡೇ ಸಣ್ಣದು. ದೊಡ್ಡದು ಅವಳ ಹೆಸರು. ಅದು ಹೋದದ್ದು ಎರಡು ಮೀನುಗಳ ದೆಸೆಯಿಂದ.

ಸಾವಂತ್ರವ್ವ ಸುರಪುರ ತಾಲೂಕಿನವಳು. 1991ರಲ್ಲಿ, ಮದುವೆಯಾದ ಮರುವರ್ಷ, ಗಂಡನ ಬೆನ್ನಿಗೆ ಯಾದಗಿರಿಯಲ್ಲಿ ರೈಲು ಹತ್ತಿ ಪುಣೆಯಲ್ಲಿ ಇಳಿದಳು. ಮೊದಲು ಮಾರ್ಕೆಟ್ ಯಾರ್ಡಿನ ಗೋದಾಮು ಕಟ್ಟುವಲ್ಲಿ ಉಸುಕು ಹೊತ್ತಳು. ಆಮೇಲೆ ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ಹಳೆ ಬಂಗಲೆ ಕೆಡವುವಲ್ಲಿ ಇಟ್ಟಿಗೆ ಆರಿಸಿದಳು. ಕಡೆಗೆ ನಿಗಡಿಯ ತಗಡಿನ ಪತ್ರಾ ಶೆಡ್ಡುಗಳ ಸಾಲಿನಲ್ಲಿ ಒಲೆ ಹೂಡಿದಳು. ಗಂಡ ಗೌಂಡಿ, ಅವಳು ಅವನ ಕೈಯಾಳು. ಸಿಮೆಂಟು ಉಸುಕಿನ ಮಾಲು ಕಲಸುವುದು, ಕಬ್ಬಿಣದ ಘಮೇಲಾ ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಮಾಳಿಗೆ ಹತ್ತುವುದು, ಎಲ್ಲಕ್ಕಿಂತ ಮುಖ್ಯವಾಗಿ ನೀರು ಹೊಡೆಯುವುದು. ಹೊಸ ಸಿಮೆಂಟಿಗೆ ಹೊತ್ತು ಹೊತ್ತಿಗೆ ನೀರು ಕುಡಿಸದಿದ್ದರೆ ಬಿರುಕು ಬಿಡುತ್ತದೆ. ಈ ಕೆಲಸಕ್ಕೆ ನಿಗಡಿಯ ಗುತ್ತಿಗೆದಾರರು ಅವಳ ಹೆಸರು ಹಿಡಿದೇ ಕರೆಯುತ್ತಿದ್ದರು. ಸಾವಂತ್ರವ್ವ ನೀರು ಹೊಡೆದ ಟಾಕಿ ಸೋರುವುದಿಲ್ಲ ಎಂಬ ಮಾತು ಇತ್ತು. ಅವಳ ಆಸ್ತಿ ಅಂದರೆ ಅದೊಂದು ಮಾತು.

ಟಾಕಿ ಕಟ್ಟಿದಾಗ ಅವಳದೊಂದು ಪದ್ಧತಿ ಇತ್ತು. ಅವಳದು ಅಂತಲ್ಲ, ಅವಳ ಅತ್ತೆಯದು, ಆ ಕಡೆಯ ಗೌಂಡಿ ಮನೆಗಳ ಹೆಂಗಸರದು. ಹೊಸ ತೊಟ್ಟಿಗೆ ಮೊದಲ ನೀರು ಬಿಡುವ ಮುಂಚೆ ಗಂಗವ್ವನಿಗೆ ಉಡಿ ತುಂಬಬೇಕು. ಹಸಿರು ಕುಪ್ಪಸದ ಬಟ್ಟೆಯ ತುಣುಕಿನಲ್ಲಿ ಅರಿಶಿಣಕೊಂಬು, ಅಡಿಕೆ, ಬಳೆ, ಕುಂಕುಮ, ಜೊತೆಗೊಂದು ತಾಮ್ರದ ಬಿಲ್ಲೆ. ಗಂಟು ಕಟ್ಟಿ ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಇಡಬೇಕು. ಹೆಂಗಸರೇ ಇಡಬೇಕು. ಗಂಡಸರು ಆ ಹೊತ್ತಿಗೆ ಬೀಡಿ ಹಚ್ಚಿಕೊಂಡು ಆಚೆ ಹೋಗುತ್ತಾರೆ. ಎಂಜಿನಿಯರನನ್ನು ಕೇಳಿದರೆ ಬೈಯುತ್ತಾನೆ, ಆದ್ದರಿಂದ ಅವನನ್ನು ಯಾರೂ ಕೇಳುವುದಿಲ್ಲ. ಎಷ್ಟೋ ತೊಟ್ಟಿಗಳಲ್ಲಿ ಹೀಗೆ ಉಡಿ ಇಟ್ಟಿದ್ದಳು, ಯಾರಿಗೂ ಏನೂ ಆಗಿರಲಿಲ್ಲ.

2004ರ ದೀಪಾವಳಿ ಮುಗಿದ ಮೇಲೆ ನಿಜಲಿಂಗಪ್ಪ ಸಾಹುಕಾರರು ಕಾಡಪ್ಪನನ್ನು ತಮ್ಮ ಬಂಗಲೆಗೆ ಕರೆಸಿದರು. ಸಾಹುಕಾರರ ಅಪ್ಪ ವಿಜಾಪುರದ ಕಡೆಯಿಂದ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿದವರು. ಮಗ ಮೆಣಸಿನಕಾಯಿ ಬಿಟ್ಟು ಕಟ್ಟಡಕ್ಕೆ ಇಳಿದರು. ವ್ಯಾಪಾರ ಬದಲಾದರೂ ಕೈ ಬದಲಾಗಲಿಲ್ಲ. ತೂಗುವಾಗ ಒಂದು, ಕೊಡುವಾಗ ಒಂದು.

"ಕಾಡಪ್ಪಾ, ನಮ್ಮ ಭಾಷಿ ಮಂದಿ ಅಂತ ನಿನ್ನ ಕರಸೀನಿ. ಬ್ಯಾರೆ ಗೌಂಡಿ ಸಿಗೂದಿಲ್ಲಂತ ತಿಳಕೋಬ್ಯಾಡ."

"ಭಾಷಿ ಒಂದ ಅದರಿ ಸಾವ್ಕಾರ್ರ. ಹೊಟ್ಟಿ ಬ್ಯಾರೆ ಬ್ಯಾರೆ ಅದಾವ."

"ಮತ್ತ ಅದ ಹಳೇ ಹಾಡು ತಗೀಬ್ಯಾಡ. ಈ ಟಾಕಿ ಕಟ್ಟಿ ಮುಗಸು. ಮೀನು ಬರ್ಲಿ, ಬಂದು ಉಳೀಲಿ. ಎಲ್ಲಾ ಲೆಕ್ಕ ಒಮ್ಮೆಗೇ ಚುಕ್ತಾ."

ಟಾಕಿಯ ಹಿಂದಿನ ಕಥೆ ಇಷ್ಟು. ಯಾರೋ ವಾಸ್ತು ಹೇಳುವವನು ಮನೆಯ ಈಶಾನ್ಯ ಮೂಲೆಯಲ್ಲಿ ನೀರು ಹರಿಯುತ್ತಿರಬೇಕು, ಹರಿದರೆ ವ್ಯವಹಾರವೂ ಹರಿಯುತ್ತದೆ ಎಂದಿದ್ದ. ಸಾಹುಕಾರರು ಇನ್ನೊಬ್ಬ ಬಿಲ್ಡರನ ಮನೆಯಲ್ಲಿ ಒಂದು ವಿಚಿತ್ರ ಮೀನು ನೋಡಿ ಬಂದಿದ್ದರು. ಕರಾವಳಿಯವರು ತೊರಕೆ ಎನ್ನುತ್ತಾರಲ್ಲ, ಆ ಜಾತಿಯದು. ಆದರೆ ಸಮುದ್ರದ್ದಲ್ಲ, ದಕ್ಷಿಣ ಅಮೆರಿಕದ ಹೊಳೆಗಳ ಸಿಹಿನೀರಿನದು. ಚಪ್ಪಟೆ ಮೈ, ಉದ್ದ ಬಾಲ, ಬಾಲದಲ್ಲಿ ವಿಷದ ಮುಳ್ಳು. ಅವರ ಮನೆಯಲ್ಲಿ ಒಂದಿದ್ದರೆ ನಮ್ಮಲ್ಲಿ ಎರಡಿರಬೇಕು ಎಂದು ಕ್ಯಾಂಪಿನ ಮೀನಂಗಡಿಯ ಕಿಶೋರನಿಗೆ ಹೇಳಿಬಿಟ್ಟಿದ್ದರು. ಕಿಶೋರನ ಮನೆತನ ಧಾರವಾಡದ್ದು. ಕನ್ನಡ ಆಡುತ್ತಿದ್ದ, ನಡುನಡುವೆ ಮರಾಠಿ ತಾನಾಗಿ ಬಂದು ಕೂತುಬಿಡುತ್ತಿತ್ತು.

ಕಿಶೋರ ಬಂಗಲೆಯ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕಾಡಪ್ಪನಿಗೆ ತೋರಿಸಿದ. ಆಳ ಬೇಡ, ಅಗಲ ಬೇಕು. ಈ ಮೀನು ತಳದಲ್ಲಿ ಮಲಗುವ ಮೀನು, ಅದಕ್ಕೆ ನೆಲ ಬೇಕು. ಮೂರು ಕಡೆ ಸೊಂಟದೆತ್ತರದ ಗೋಡೆ, ಎದುರಿಗೆ ದಪ್ಪ ಗಾಜು. ಒಳಗಿನ ಮೂಲೆಗಳೆಲ್ಲ ಗುಂಡಗಿರಬೇಕು, ಚೂಪಾದರೆ ಮೈಯಂಚು ಹರಿಯುತ್ತದೆ. ಚಳಿಗಾಲಕ್ಕೆ ನೀರು ಬೆಚ್ಚಗಿಡುವ ಕೊಳವೆಗೆ ಪ್ಲಾಸ್ಟಿಕ್ಕಿನ ಜಾಳಿಗೆ ಹಾಕಬೇಕು, ಇಲ್ಲದಿದ್ದರೆ ಅದರ ಮೇಲೇ ಮಲಗಿ ಸುಟ್ಟುಕೊಳ್ಳುತ್ತದೆ. ಗೋಡೆಯ ಹಿಂದೆ, ಮೆಟ್ಟಿಲ ಕೆಳಗೆ, ಇನ್ನೊಂದು ಸಣ್ಣ ತೊಟ್ಟಿ. ಅದಕ್ಕೆ ಮೂರು ಖಾನೆ. ದೊಡ್ಡ ತೊಟ್ಟಿ ತುಂಬಿ ಹೊರಚೆಲ್ಲಿದ ನೀರು ನಳದ ಮೂಲಕ ಮೊದಲ ಖಾನೆಗೆ ಬಿದ್ದು ಅಲ್ಲಿನ ಸ್ಪಂಜಿನಲ್ಲಿ ಹೊಲಸು ಬಿಡಬೇಕು. ಎರಡನೆಯದರಲ್ಲಿ ತೂತು ತೂತಿನ ಕಲ್ಲುಗಳ ನಡುವೆ ಹಾಯಬೇಕು. ಮೂರನೆಯದರಿಂದ ಪಂಪು ಅದನ್ನು ಮತ್ತೆ ಮೇಲಕ್ಕೆತ್ತಬೇಕು.

"ಹೆಂಗ ನೋಡು ಕಾಡಪ್ಪಾ, ಈ ಮೀನು ಮಲಗಿದಲ್ಲೇ ಹೇತು, ಅದ ನೀರು ಕುಡೀತದ," ಎಂದ ಕಿಶೋರ. "ಆ ಕಲ್ಲಿನಾಗ ಕಣ್ಣಿಗೆ ಕಾಣದ ಹುಳ ಹುಟ್ಟಬೇಕು. ಅವು ಹೊಲಸು ತಿಂದ್ರ ನೀರು ನೀರಾಗಿರ್ತದ. ಪಂಪ್ ನಿಂತ್ರ ಹುಳ ಸಾಯ್ತಾವ, ಹುಳ ಸತ್ರ ಮೀನು ಸಾಯ್ತದ, ಮೀನು ಸತ್ರ ನಾ ಸಾಯ್ತೀನಿ."

"ನೀವು ಸಾಯೂದಿಲ್ರಿ, ರೊಕ್ಕ ಮೊದಲ ತಗೊಂಡೀರಿ," ಎಂದ ಕಾಡಪ್ಪ.

ಕಿಶೋರ ನಕ್ಕ. ನಕ್ಕು ಇನ್ನೊಂದು ಮಾತು ಹೇಳಿದ. "ಲೋಹ ಏನೂ ಬ್ಯಾಡ. ಪಿತ್ತಾಳಿ ವಾಲ್ವ್ ಬ್ಯಾಡ, ತಾಮ್ರದ ತಂತಿ ಬ್ಯಾಡ. ಇದಕ್ಕ ತಾಮ್ರ ಅಂದ್ರ ಇಲಿಗೆ ಪಾಷಾಣ ಇದ್ಧಂಗ."

ಕಾಡಪ್ಪ ತಾನು ತಂದಿಟ್ಟಿದ್ದ ಹಿತ್ತಾಳೆ ವಾಲ್ವನ್ನು ಅವತ್ತೇ ಅಂಗಡಿಗೆ ಮರಳಿಸಿ ಪ್ಲಾಸ್ಟಿಕ್ಕಿನದು ತಂದ. ಈ ಮಾತು ನಡೆದಾಗ ಸಾವಂತ್ರವ್ವ ಅಂಗಳದಲ್ಲಿ ಹೊಳೆಯ ನುಣ್ಣನೆ ಉಸುಕನ್ನು ತೊಳೆಯುತ್ತಿದ್ದಳು, ತಿಳಿನೀರು ಬರುವ ತನಕ. ಅವಳಿಗೆ ಯಾರೂ ಹೇಳಲಿಲ್ಲ. ಉಸುಕು ತೊಳೆಯುವವಳಿಗೆ ಹೇಳುವಂಥದ್ದು ಏನಿದೆ? ಕಾಡಪ್ಪನಿಗೂ ಉಡಿಯ ನೆನಪಾಗಲಿಲ್ಲ. ಅವನ ತಲೆಯಲ್ಲಿ ಲೋಹ ಅಂದರೆ ನಳ, ವಾಲ್ವು, ಮೊಳೆ. ಉಡಿ ಲೋಹವಲ್ಲ. ಉಡಿ ಅಂದರೆ ಉಡಿ.

ಸಾವಂತ್ರವ್ವನಿಗೆ ಈ ಸಲ ಬರಿ ಬಿಲ್ಲೆ ಸಾಲದು ಅನ್ನಿಸಿತು. ಇಷ್ಟು ವರ್ಷ ಕಟ್ಟಿದ ತೊಟ್ಟಿಗಳಲ್ಲಿ ಬರಿ ನೀರು ಇತ್ತು, ಇದರಲ್ಲಿ ಜೀವ ಇರುತ್ತದೆ. ಆ ಜೀವ ಉಳಿದರೆ ಗಂಡ ಆ ಮನೆ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದು ತಪ್ಪುತ್ತದೆ. ತವರಿನಿಂದ ತಂದಿದ್ದ, ಅಂಗೈಯಲ್ಲಿ ಕೂರುವ ತಾಮ್ರದ ಗಿಂಡಿಯನ್ನು ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿದಳು. ಉಳಿದ ಸಾಮಾನು ಅದರೊಳಗೆ ತುಂಬಿ, ಹಸಿರು ಬಟ್ಟೆ ಕಟ್ಟಿ, ಮೆಟ್ಟಿಲ ಕೆಳಗಿನ ಎರಡನೇ ಖಾನೆಯಲ್ಲಿ ಕಲ್ಲುಗಳ ತಳಕ್ಕೆ ಇಟ್ಟಳು. "ತಾಯಿ, ಕಾಪಾಡವ್ವ" ಅಂದಳು. ನೀರು ಬಿಟ್ಟರು.

ಮೀನು ಬಂದದ್ದು ಶಿವರಾತ್ರಿ ಕಳೆದ ಮೇಲೆ, ಮುಂಬಯಿಯಿಂದ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ. ಬಾಲದ ಮುಳ್ಳಿಗೆ ರಬ್ಬರಿನ ನಳಿಕೆ ತೊಡಿಸಿದ್ದರು. ಕಿಶೋರ ಚೀಲವನ್ನು ನೀರಿನಲ್ಲಿ ತೇಲಿಬಿಟ್ಟು ಬಹಳ ಹೊತ್ತು ಕಾದು, ಆಮೇಲೆ ಒಂದೊಂದನ್ನೇ ಒಳಗೆ ಜಾರಿಸಿದ. ಕಂದು ಮೈ, ಮೇಲೆಲ್ಲ ಹಳದಿ ಚುಕ್ಕೆ. ತಳಕ್ಕಿಳಿದು, ಮೈಯಂಚು ಅಲುಗಿಸಿ, ಉಸುಕನ್ನು ಮೈಮೇಲೆ ಎಳೆದುಕೊಂಡು ಮಲಗಿಬಿಟ್ಟವು. ಎರಡು ಕಣ್ಣು ಮಾತ್ರ ಹೊರಗೆ.

"ಅಯ್ಯ! ಹಂಚಿನ ಮ್ಯಾಲಿನ ಜೋಳದ ರೊಟ್ಟಿ ಆಗ್ಯಾವಲ್ಲ," ಎಂದಳು ಸಾವಂತ್ರವ್ವ.

ಅವತ್ತಿನಿಂದ ಆ ಮನೆಯಲ್ಲಿ ಅವಕ್ಕೆ ರೊಟ್ಟಿಮೀನು ಎಂದೇ ಹೆಸರು. ಸಾಕುವ ಕೆಲಸವೂ ಅವಳಿಗೇ ಬಿತ್ತು. ಆ ಮನೆ ಸೋಮವಾರ ಬೆಳ್ಳುಳ್ಳಿಯನ್ನೂ ಮುಟ್ಟದ ಮನೆ, ರೊಟ್ಟಿಮೀನಿಗಾದರೆ ಎರೆಹುಳ ಬೇಕು, ಸಿಗಡಿ ಬೇಕು. ಸಾಹುಕಾರರ ಹೆಂಡತಿ ರಂಜನಾ ಮೂಗಿಗೆ ಸೆರಗು ಹಿಡಿದು ದೂರದಿಂದಲೇ ನೋಡುತ್ತಿದ್ದರು.

"ಸಾವಂತ್ರಾ, ಒಳಗ ಕೈ ಹಾಕೀ ಮತ್ತ. ಮುಳ್ಳಿನಾಗ ವಿಷ ಅದ ಅಂತ."

"ಹಾಕೂದಿಲ್ರಿ ವೈನಿ. ವಿಷ ಏರಿದ್ರ ಔಷಧಕ್ಕ ರೊಕ್ಕ ಬೇಕು, ರೊಕ್ಕಕ್ಕ ಮತ್ತ ನಿಮ್ಮ ಬಾಗಲಕ ಬರಬೇಕು."

ರಂಜನಾ ನಕ್ಕರು. ಒಳ್ಳೆಯ ಹೆಂಗಸು. ಒಳ್ಳೆಯತನ ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ, ಅಷ್ಟೇ.

ಸಾವಂತ್ರವ್ವ ನಳದ ನೀರನ್ನು ಡ್ರಮ್ಮಿನಲ್ಲಿ ತುಂಬಿ ಬಿಸಿಲಿಗಿಟ್ಟು, ಔಷಧದ ವಾಸನೆ ಹೋದ ಮೇಲೆ ತೊಟ್ಟಿಗೆ ಸುರಿಯುತ್ತಿದ್ದಳು. ಎರಡು ಮೂರು ದಿನಕ್ಕೊಮ್ಮೆ ಹಳೆ ನೀರು ತೆಗೆದು ಹೊಸದು ಹಾಕುತ್ತಿದ್ದಳು. ಮೀನು ಚೆನ್ನಾಗಿಯೇ ಇದ್ದವು. ಅವಳ ನೆರಳು ಗಾಜಿನ ಮೇಲೆ ಬಿದ್ದರೆ ಉಸುಕು ಕೊಡವಿ ಎದ್ದು ಬರುತ್ತಿದ್ದವು.

ಬೇಸಿಗೆ ಬಂತು. 2005ರ ಬೇಸಿಗೆ, ದಿನಾ ಮಧ್ಯಾಹ್ನ ಕರೆಂಟು ತೆಗೆಯುತ್ತಿದ್ದ ಕಾಲ. ಪಂಪಿಗೆ ಇನ್ವರ್ಟರ್ ಇತ್ತು. ಒಂದು ಮಧ್ಯಾಹ್ನ ಅದೂ ಕೈಕೊಟ್ಟಿತು. ನೀರಿನ ಸದ್ದು ನಿಂತಾಗ ಸಾವಂತ್ರವ್ವ ಅಂಗಳದಲ್ಲಿದ್ದಳು. ಸದ್ದು ನಿಂತದ್ದೇ ಅವಳಿಗೆ ಕೇಳಿಸಿತು. ಓಡಿ ಬಂದು ನೋಡಿದರೆ ಎರಡೂ ಮೀನು ಗಾಜಿಗೆ ಹೊಟ್ಟೆ ಒತ್ತಿ ಮೇಲಕ್ಕೆ ಹತ್ತುತ್ತಿದ್ದವು. ಹೊಟ್ಟೆಯ ಮೇಲಿನ ಸೀಳುಗಳು ಪಟಪಟ ಬಡಿಯುತ್ತಿದ್ದವು.

"ಉಸಿರಿಲ್ಲ ಅವಕ್ಕ! ವೈನೀ, ತಂಬಿಗಿ ಕೊಡ್ರಿ, ಯಾವುದರ ಕೊಡ್ರಿ!"

ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರು ಮೊಗೆದು ತಲೆಯೆತ್ತರದಿಂದ ಸುರಿಯತೊಡಗಿದಳು. ಮೊಗೆ, ಎತ್ತು, ಸುರಿ. ಸಿಮೆಂಟಿಗೆ ನೀರು ಹೊಡೆದ ರಟ್ಟೆ ಅದು, ಆದರೂ ಸೋತುಹೋಯಿತು. ಸಾಹುಕಾರರು ಸೋಫಾದ ಮೇಲೆ ಕೂತು ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತ, "ಜೋರ ಹಾಕ, ಜೋರ ಹಾಕ" ಎನ್ನುತ್ತಿದ್ದರು. ಕರೆಂಟು ಬಂದು ಪಂಪು ಗುರ್ರೆಂದಾಗ ಅವಳು ಗೋಡೆಗೆ ಒರಗಿ ಕೂತಳು. ಮೀನು ಉಳಿದವು.

ಅದೇ ತಿಂಗಳು ಮೂರು ಸಂಗತಿ ಒಂದರ ಹಿಂದೊಂದು ನಡೆದವು. ನಳದ ನೀರು ಕಡಿಮೆಯಾಗಿ ಟ್ಯಾಂಕರ್ ತರಿಸಬೇಕಾಯಿತು, ಸಾಹುಕಾರರು ಮೀನಿನ ನೀರು ಬದಲಿಸುವುದು ಬೇಡ ಎಂದರು. "ಸುತ್ತಿ ಸುತ್ತಿ ಅದ ನೀರು ಸ್ವಚ್ಛ ಆಗ್ತದಂತ ಅಲ್ಲೇನ ಅಷ್ಟು ಖರ್ಚು ಮಾಡಿದ್ದು?" ಎಂದರು. ಎರಡನೆಯದು, ಕಿಶೋರ ಒಣಗಿದ ಕಾಡುಬಾದಾಮಿ ಎಲೆಗಳ ಚೀಲ ತಂದು ಮೊದಲ ಖಾನೆಯಲ್ಲಿ ಇಳಿಬಿಟ್ಟ. ಈ ಮೀನಿನ ಊರಿನ ಹೊಳೆ ಸ್ವಲ್ಪ ಹುಳಿ ನೀರಿನದು, ಇಲ್ಲಿಯೂ ಹಾಗೇ ಆಗಬೇಕು ಎಂದ. ಮೂರನೆಯದು, ಕಾಡಪ್ಪ ಕೂಲಿ ಕೇಳಲು ಬಂದವನು ಗೇಟಿನಲ್ಲಿ ಅತಿಥಿಗಳ ಎದುರು ಬೈಸಿಕೊಂಡ. ಅವನಿಗೂ ರಕ್ತ ಬಿಸಿಯಾಯಿತು.

"ಮೀನು ಬಂತು, ಉಳೀತು. ಇನ್ನೇನ್ ಬೇಕ್ರಿ ನಿಮಗ? ಕೂಲಿ ಕುಡದ ಮನ್ಯಾಗ ನೀರು ಹ್ಯಾಂಗ ಹರೀತದ ನಾನೂ ನೋಡ್ತೀನಿ!"

ಸಿಟ್ಟಿನ ಮಾತು. ದುಡಿಯುವ ಮಂದಿ ಇಂಥ ಮಾತು ಆಡುತ್ತಾರೆ, ಮರುದಿನ ಅದೇ ಮನೆಗೆ ಕೆಲಸಕ್ಕೂ ಬರುತ್ತಾರೆ. ಕಾಡಪ್ಪನೂ ಬಂದ, ಕಂಪೌಂಡಿಗೆ ಸುಣ್ಣ ಹೊಡೆಯಲು.

ನಾಲ್ಕಾರು ದಿನಗಳಲ್ಲಿ ಮೀನು ಎರೆಹುಳ ಮುಟ್ಟುವುದನ್ನು ಬಿಟ್ಟವು. ನೆರಳು ಕಂಡರೂ ಏಳಲಿಲ್ಲ. ಒಂದು ಬೆಳಿಗ್ಗೆ ಸಾವಂತ್ರವ್ವ ಬಂದಾಗ ದೊಡ್ಡದರ ಮೈಯಂಚು ಹಂಚಿನ ಮೇಲೆ ಒಣಗಿದ ರೊಟ್ಟಿಯಂತೆ ಮೇಲಕ್ಕೆ ಸುರುಳಿಗೊಂಡಿತ್ತು. ಸತ್ತಿತ್ತು. ಸಣ್ಣದು ಮೂಲೆಯಲ್ಲಿ ತೇಕುತ್ತಿತ್ತು.

ಕಿಶೋರ ಟೆಂಪೋದಲ್ಲಿ ನೀರಿನ ಡ್ರಮ್ಮು ಹಾಕಿಕೊಂಡು ಧಾವಿಸಿ ಬಂದ. ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು ಹಿಡಿದು ಔಷಧದ ಹನಿ ಬಿಟ್ಟ. ನೀರಿನ ಬಣ್ಣ ತಿರುಗಿತು. ಇನ್ನೊಮ್ಮೆ ಮಾಡಿದ, ಇನ್ನೊಮ್ಮೆ ತಿರುಗಿತು.

"ಸಾವ್ಕಾರ್ರ, ನೀರಿನಾಗ ತಾಮ್ರ ಅದ. ಭಾಳ ಅದ."

"ತಾಮ್ರ? ಎಲ್ಲಿಂದ ಬಂತು ತಾಮ್ರ?"

"ಅದ ನನಗೂ ತಿಳೀವಲ್ದು. ಮೈಲುತುತ್ತ ಬಿದ್ರ ಹಿಂಗ ಆಗ್ತದ, ಅದೂ ತಾಮ್ರದ್ದ."

ಸಾಹುಕಾರರು ಮತ್ತೊಂದು ಮಾತು ಕೇಳಲಿಲ್ಲ. ಅಂಗಳಕ್ಕೆ ಹೋಗಿ ಸುಣ್ಣ ಕಲಸುತ್ತಿದ್ದ ಕಾಡಪ್ಪನ ಕೊರಳಪಟ್ಟಿ ಹಿಡಿದು ಒಳಗೆ ಎಳೆದು ತಂದರು. ಅವನ ಚೀಲ ಹಾಲ್‌ನ ನೆಲದ ಮೇಲೆ ಬೋರಲಾಯಿತು. ಕರಣಿ, ತೂಗುಗುಂಡು, ತಂಬಾಕು, ಕಾಗದದ ಪೊಟ್ಟಣ. ಪೊಟ್ಟಣ ಒಡೆದು ನೀಲಿ ಹರಳು ಚೆಲ್ಲಿದವು. ಮೈಲುತುತ್ತ. ಗೋಡೆಗೆ ಹುಳ ಹತ್ತದಿರಲಿ ಎಂದು ಸುಣ್ಣಕ್ಕೆ ಹಾಕುವುದು ಅವನ ರೂಢಿ.

"ಸುಣ್ಣಕ್ಕ ತಂದಿದ್ರಿ ಅದು! ನನ್ನ ಮಕ್ಕಳಾಣಿ!"

"ನೀರು ಹ್ಯಾಂಗ ಹರೀತದ ನೋಡ್ತೀನಿ ಅಂದಿದ್ದಿಲ್ಲೋ ನೀ? ಮಂದಿ ಕೇಳ್ಯಾರ. ಈಗ ನಿನಗ ತೋರಸ್ತೀನಿ." ಸಾಹುಕಾರರು ಪೊಲೀಸ್ ಚೌಕಿಗೆ ಫೋನು ಹಚ್ಚಿದರು. ಡ್ರೈವರ್ ಕಾಡಪ್ಪನ ಎರಡೂ ಕೈ ಹಿಂದಕ್ಕೆ ತಿರುವಿ ಹಿಡಿದ.

ಮೆಟ್ಟಿಲ ಬಳಿ ನಿಂತಿದ್ದ ಸಾವಂತ್ರವ್ವನಿಗೆ ಫೋನಿನ ಮಾತು ಕೇಳಿಸಲಿಲ್ಲ. ಅವಳು ತಾಮ್ರ ಎಂಬ ಮಾತಿನಲ್ಲೇ ನಿಂತುಬಿಟ್ಟಿದ್ದಳು. ತಾಮ್ರಕ್ಕೆ ಹುಳಿ ತಾಗಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಹುಣಸೆಹಣ್ಣಿನಲ್ಲಿ ಗಿಂಡಿ ತಿಕ್ಕಿದಾಗ ಬೆರಳಿಗೆ ಹತ್ತುವ ಹಸಿರು ಕಿಲುಬು. ಎಲೆಯ ಹುಳಿ ನೀರು. ಬದಲಿಸದ ನೀರು, ಸುತ್ತಿ ಸುತ್ತಿ ಅದೇ ನೀರು. ಕಲ್ಲಿನ ತಳದಲ್ಲಿ ಅವಳೇ ಇಟ್ಟ ಗಿಂಡಿ.

ಬಾಯಿ ಮುಚ್ಚಿಕೊಂಡು ನಿಂತರೆ ಅದನ್ನು ಯಾರೂ ಹುಡುಕುತ್ತಿರಲಿಲ್ಲ. ಮಧ್ಯಾಹ್ನದೊಳಗೆ ಇನ್ನೊಂದು ಮೀನೂ ಸಾಯುತ್ತಿತ್ತು, ಗಂಡ ವಿಷ ಹಾಕಿದವನಾಗಿ ಜೈಲಿಗೆ ಹೋಗುತ್ತಿದ್ದ. ಬಾಯಿ ಬಿಟ್ಟರೆ? ಆದದ್ದು ತಪ್ಪು, ತಪ್ಪು ವಿಷವಲ್ಲ, ಗೊತ್ತಾದರೆ ಬೈದು ಬಿಡುತ್ತಾರೆ. ಹೀಗೆ ಎಣಿಸಿದಳು. ಗಿಂಡಿ ಇಟ್ಟದ್ದು ಅವಳ ಮೊದಲ ತಪ್ಪು, ಹೀಗೆ ಎಣಿಸಿದ್ದು ಎರಡನೆಯದು.

ಮೆಟ್ಟಿಲ ಕೆಳಗೆ ನುಗ್ಗಿ ಮೊಳಕೈ ಮುಳುಗುವಷ್ಟು ಕೈ ಹಾಕಿ ಕಲ್ಲುಗಳನ್ನು ಹೊರಕ್ಕೆ ಎಸೆದಳು. ಹಾಲ್‌ನ ನುಣ್ಣನೆ ನೆಲದ ಮೇಲೆ ಕಲ್ಲು ಉರುಳಿದವು. ಗಂಟು ಸಿಕ್ಕಿತು. ಬಟ್ಟೆ ಕೊಳೆತಿತ್ತು. ಗಿಂಡಿಯ ಮೈ ಹಸಿರುಗಟ್ಟಿ ತೂತು ಬೀಳುವ ಹಾಗಿತ್ತು.

"ಇದು ನಂದು. ನಾ ಇಟ್ಟೀನಿ. ಅವ್ರಿಗೆ ಗೊತ್ತಿಲ್ಲ, ಅವ್ರನ್ನ ಬಿಡ್ರಿ."

ಕಿಶೋರ ಇಸಿದುಕೊಂಡು ನೋಡಿ ಹಣೆ ಬಡಿದುಕೊಂಡ. "ಅಯ್ಯ ತಾಯಿ, ಇದ ನೋಡ್ರಿ ಸಾವ್ಕಾರ್ರ, ಇದರಿಂದ ಆಗೇದ!"

ಸಾಹುಕಾರರು ಬೆರಳ ತುದಿಯಿಂದ ಬಟ್ಟೆ ಸರಿಸಿದರು. ಕಪ್ಪಾದ ಅಡಿಕೆ, ಅರಿಶಿಣಕೊಂಬು, ಕೆಂಪು ರಾಡಿಯಾದ ಕುಂಕುಮ, ಹಸಿರು ಬಳೆ. ಬೆಂಕಿ ಮುಟ್ಟಿದವರ ಹಾಗೆ ಕೈ ಎಳೆದುಕೊಂಡು ಹಿಂದಕ್ಕೆ ಹಾರಿದರು.

"ಮಾಟ! ನನ್ನ ಮನ್ಯಾಗ, ಈಶಾನ್ಯಕ್ಕ ಮಾಟ ಮಾಡ್ಯಾಳ ಇಕಿ!"

"ಮಾಟ ಅಲ್ರಿ ಯಪ್ಪಾ. ಗಂಗವ್ವನ ಉಡಿ ಅದು. ಎಲ್ಲಾ ಟಾಕಿಗೂ ಇಡ್ತೀನಿ."

"ಎಲ್ಲಾ ಟಾಕಿಗೂ ಇಡ್ತಾಳಂತ! ಕೇಳಿದ್ರೇನು?"

ಸಾವಂತ್ರವ್ವ ರಂಜನಾರ ಕಡೆ ತಿರುಗಿದಳು. "ವೈನಿ, ನೀವರ ಹೇಳ್ರಿ. ಮದುವ್ಯಾಗ ನಿಮ್ಮ ಉಡಿಯೊಳಗ ಏನ್ ಹಾಕಿದ್ರು? ಮೊನ್ನೆ ಶುಕ್ರಾರ ನೀವು ಮಂದಿಗಿ ಏನ್ ಉಡಿ ತುಂಬಿದ್ರಿ? ಇದನ್ನ ಅಲ್ಲೇನು?"

ರಂಜನಾರ ಬಾಯಿ ತೆರೆಯಿತು. "ಅದು ಉಡಿ ಇದ್ಧಂಗ ಅದರೀ..."

"ನೀ ಒಳಗ ನಡಿ!"

ಅವರು ಒಳಗೆ ನಡೆದರು. ಬಾಗಿಲು ಮುಚ್ಚಿತು.

ಅಷ್ಟರಲ್ಲಿ ಕಿಶೋರ ಕೂಗಿದ, "ಮಾಟ ಗೀಟ ಆಮ್ಯಾಲ ನೋಡ್ರಿ. ಇನ್ನೊಂದು ಮೀನು ಈಗ ಹೊರಗ ತಗೀಬೇಕು, ಟೆಂಪೋದಾಗಿನ ನೀರಿಗೆ ಹಾಕಬೇಕು. ಮೀನು ಹಿಡಿಯೂ ಬಲೆ ತಂದಿಲ್ಲ ನಾ, ಯಾರರ ಹಿಡೀರಿ!"

ಯಾರೂ ಅಲುಗಲಿಲ್ಲ. ರಬ್ಬರಿನ ನಳಿಕೆ ಎಂದೋ ಕಳಚಿಹೋಗಿತ್ತು, ಬಾಲದ ಮುಳ್ಳು ಬೆತ್ತಲೆ ಇತ್ತು. ಸಾವಂತ್ರವ್ವ ಅಂಗಳದಿಂದ ತನ್ನ ಘಮೇಲಾ ತಂದು ತೊಳೆದಳು.

"ಅಕಿ ಕೈ ಮುಟ್ಟಸಬ್ಯಾಡ್ರಿ ಅದಕ್ಕ!" ಎಂದರು ಸಾಹುಕಾರರು.

"ಹಂಗಾದ್ರ ನೀವ ಎತ್ತರಿ ಸಾವ್ಕಾರ್ರ," ಎಂದ ಕಿಶೋರ.

ಸಾಹುಕಾರರು ಎತ್ತಲಿಲ್ಲ. ಅವಳು ತೊಟ್ಟಿಯೊಳಗೆ ಬಾಗಿ, ಘಮೇಲಾವನ್ನು ಉಸುಕಿನ ಮೇಲೆ ಮೆಲ್ಲಗೆ ಜಾರಿಸಿ, ಮೀನಿನ ಮೂತಿಯ ಕಡೆಯಿಂದ ಕೆಳಗೆ ತೂರಿಸಿದಳು. ಬಾಲ ಎದ್ದು ಘಮೇಲಾದ ಅಂಚಿಗೆ ಠಣ್ಣೆಂದು ಬಡಿಯಿತು, ಅವಳ ಮುಂಗೈಯಿಂದ ನಾಲ್ಕು ಬೆರಳು ಆಚೆ. ಅವಳು ಕೈ ಅಲುಗಿಸಲಿಲ್ಲ. ಕೈ ಅಲುಗಿದರೆ ಮಾಲು ಚೆಲ್ಲುತ್ತದೆ ಎಂಬುದು ಹದಿನಾಲ್ಕು ವರ್ಷದ ಅಭ್ಯಾಸ. ನೀರು ತುಳುಕದಂತೆ ಎದೆಗೆ ಆನಿಸಿಕೊಂಡು ಎತ್ತಿದಳು. ಮುಳ್ಳು ಅವಳ ಗಂಟಲಿಗೆ ನೇರ ಇತ್ತು. ಹಾಲ್‌ನಲ್ಲಿ ಗಂಡನ ಮುಂದೆಯೇ ಹಾದಳು. "ಸಾವಂತ್ರಿ, ಹುಷಾರು," ಎಂದ ಕಾಡಪ್ಪ, ಕೈ ತಿರುವಿಸಿಕೊಂಡವನು. ಹೊರಗಿನ ಮೆಟ್ಟಿಲು ಇಳಿದು, ಟೆಂಪೋದ ಡ್ರಮ್ಮಿನಲ್ಲಿ ಘಮೇಲಾ ಮುಳುಗಿಸಿ ಓರೆ ಮಾಡಿದಳು. ಮೀನು ಜಾರಿಕೊಂಡು ಇಳಿಯಿತು.

ಗೇಟಿನ ಹೊರಗೆ ಜೀಪು ನಿಂತಿತು. ಹವಾಲ್ದಾರ ಇಳಿದು, "ಕಾಯ್ ಝಾಲಂ?" ಎಂದ. ಏನಾಯ್ತು ಎಂಬುದನ್ನು ಸಾಹುಕಾರರು ಮರಾಠಿಯಲ್ಲಿ ತಮಗೆ ಬೇಕಾದ ಹಾಗೆ ಹೇಳಿದರು. ವಿಷ, ಮಾಟ, ಬೆದರಿಕೆ. ಸಾವಂತ್ರವ್ವ ತನ್ನ ಹರಕು ಮರಾಠಿಯಲ್ಲಿ "ಚೂಕ್ ಝಾಲೀ ಸಾಹೇಬ, ವಿಷ ನಾಹೀ" ಎಂದಳು. ತಪ್ಪಾಯ್ತು, ವಿಷವಲ್ಲ. ಹವಾಲ್ದಾರ ಕಿಶೋರನ ಕಡೆ ನೋಡಿದ. ನೀರು ಪರೀಕ್ಷೆ ಮಾಡಿದವನು ಅವನು, ಗಿಂಡಿ ಕೈಯಲ್ಲಿ ಹಿಡಿದು ಇದರಿಂದಲೇ ಆಯ್ತು ಎಂದವನು ಅವನು.

ಕಿಶೋರ ಟೆಂಪೋದ ಹಗ್ಗ ಬಿಗಿಯುತ್ತ, "ನೀರಿನಲ್ಲಿ ತಾಮ್ರ ಇತ್ತು ಸಾಹೇಬ. ಹ್ಯಾಗೆ ಬಂತು ಅನ್ನುವುದು ನನ್ನ ಕೆಲಸವಲ್ಲ," ಎಂದು ಮರಾಠಿಯಲ್ಲಿ ಹೇಳಿದ. ಸಾಹುಕಾರರಿಂದ ಹೊಸ ಜೋಡಿ ಮೀನಿನ ಆರ್ಡರು ಇನ್ನೇನು ಬರುವುದಿತ್ತು.

ಗಂಡ ಹೆಂಡತಿ ಇಬ್ಬರನ್ನೂ ಚೌಕಿಗೆ ಒಯ್ದು ಸಂಜೆಯ ತನಕ ನೆಲದ ಮೇಲೆ ಕೂರಿಸಿದರು. ಕಾಡಪ್ಪನಿಗೆ ಎರಡು ಏಟು ಬಿದ್ದವು. ಸಾಹುಕಾರರ ಕಡೆಯವನೊಬ್ಬ ಬಂದು ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ಫೋಟೋ ಹೊಡೆದುಕೊಂಡು ಹೋದ. ಆದರೆ ದೂರು ಬರೆಯಲಿಲ್ಲ. ಬರೆದರೆ ಗೌಂಡಿಗೆ ಸಿಟ್ಟು ಯಾಕೆ ಬಂದಿತ್ತು ಎಂದು ಕೇಳಬೇಕಾಗುತ್ತಿತ್ತು, ಆ ಪ್ರಶ್ನೆ ಸಾಹುಕಾರರಿಗೇ ಬೇಡವಾಗಿತ್ತು. ಹೊತ್ತು ಮುಳುಗುವಾಗ ಹೋಗಿ ಎಂದರು. ಕೇಸಿಲ್ಲ, ಕಾಗದವಿಲ್ಲ, ಕೋರ್ಟಿಲ್ಲ.

ಹೊರಗೆ ಬಂದು ಕಾಡಪ್ಪ ಬೀಡಿ ಹಚ್ಚಿದ.

"ಕಲ್ಲಿನ ಬುಡಕ ಇದ್ದಿದ್ದು ಇರಲಿ ಅಂತ ಬಿಡಬಾರದಾಗಿತ್ತೇನ ನೀನು?" ಎಂದ.

"ಬಿಟ್ಟಿದ್ರ ನೀವು ಈಗ ಒಳಗ ಇರ್ತಿದ್ರಿ."

"ಒಳಗ ಇರ್ತಿದ್ದೆ. ನಿನ್ನ ಕೆಲಸ ಉಳೀತಿತ್ತು."

ಅವನು ಹೇಳಿದ್ದೇ ಆಯಿತು. ವಾರದೊಳಗೆ ಆ ಫೋಟೋ ನಿಗಡಿಯ ವಸತಿ ಸೊಸೈಟಿಗಳ ವಾಚ್‌ಮನ್ ಕ್ಯಾಬಿನ್ನುಗಳಲ್ಲಿ ಅಂಟಿತು. ಸಾಹುಕಾರರೇ ಪ್ರತಿ ಮಾಡಿಸಿ ಹಂಚಿದ್ದರು. ಕೆಳಗೆ ಮರಾಠಿಯಲ್ಲಿ ಎರಡು ಸಾಲು: ಇವರು ನೀರಿಗೆ ವಿಷ ಹಾಕುತ್ತಾರೆ, ಕರಣಿ ಮಾಡುತ್ತಾರೆ, ಒಳಗೆ ಬಿಡಬೇಡಿ. ಕರಣಿ ಅಂದರೆ ಅಲ್ಲಿ ಮಾಟ. ಗುತ್ತಿಗೆದಾರರು ಮೊದಲು ಹೆಸರು ಹಿಡಿದು ಕರೆಯುತ್ತಿದ್ದವರು, ಈಗ ಹೆಸರು ಕೇಳಿದರೆ ಕೈಮುಗಿದರು. ಕಾಡಪ್ಪನಿಗೆ ದೂರದ ಸೈಟುಗಳಲ್ಲಿ ಹೇಗೋ ಕೆಲಸ ಸಿಕ್ಕಿತು. ಸಾವಂತ್ರವ್ವನಿಗೆ ನೀರಿನ ಹತ್ತಿರ ಸುಳಿಯಲು ಯಾರೂ ಬಿಡಲಿಲ್ಲ. ಶೆಡ್ಡಿನ ಹೆಂಗಸರೂ ಕೊಡ ಇಟ್ಟು ಸಾಲು ನಿಂತಲ್ಲಿ ಅವಳು ಬಂದರೆ ಕೊಡಕ್ಕೆ ತಟ್ಟೆ ಮುಚ್ಚುವುದನ್ನು ಕಲಿತರು. ಅವಳು ಮಾರ್ಕೆಟ್ ಯಾರ್ಡಿಗೆ ಹೋಗಿ ಉಳ್ಳಾಗಡ್ಡಿ ಆರಿಸತೊಡಗಿದಳು. ಇವತ್ತಿಗೂ ಅದೇ ಕೆಲಸ.

ಒಮ್ಮೆ ಕ್ಯಾಂಪಿಗೆ ಹೋಗಿ ಕಿಶೋರನ ಅಂಗಡಿಯ ಮುಂದೆ ನಿಂತಳು. ಗಿರಾಕಿ ಹೋಗುವ ತನಕ ಕಾದಳು.

"ಕಿಶೋರಣ್ಣಾ, ಮೀನು ಬದುಕ್ತೇನು?"

"ಬದುಕ್ತಕ್ಕಾ. ಚಲೋ ಆತು. ಒಂದು ಹೋಟೆಲ್‌ನವ್ರು ತಗೊಂಡ್ರು."

"ಎತ್ತಿದಾಕಿ ಯಾರು?"

"ನೀನ ಅಲ್ಲ ಮತ್ತ."

"ಹಂಗಂತ ನಿಗಡಿಗೆ ಬಂದು ಒಂದ್ ಮಾತು ಹೇಳು. ವಿಷ ಅಲ್ಲ, ತಪ್ಪಾಗಿತ್ತು ಅಂತ ಹೇಳು. ಬ್ಯಾರೆ ಏನೂ ಬ್ಯಾಡ. ನೀ ಹೇಳಿದ್ರ ಕೇಳ್ತಾರ."

ಕಿಶೋರ ಗಾಜು ಒರೆಸಿದ್ದನ್ನೇ ಒರೆಸಿದ. "ಅಕ್ಕಾ, ಧಂದೆ ಮಾಡೂ ಮನಶಾ ನಾನು. ಅರ್ಧ ನಿಗಡಿ ನನ್ನ ಗಿರಾಕಿ. ಚಹಾ ಕುಡೀ."

"ನಿನ್ನ ಚಹಾ ನೀ ಕುಡಿ," ಎಂದು ಅವಳು ಬಸ್ಸು ಹಿಡಿದಳು.

ಬಾಯಿ ಬಿಡಬೇಕಾದವರು ಬಿಡಲಿಲ್ಲ. ಈಗ ಉಳಿದವರು ನೀವು. ನಿಗಡಿಯಲ್ಲೋ ಪಕ್ಕದ ಆಕುರ್ಡಿಯಲ್ಲೋ ನಿಮ್ಮದೊಂದು ಫ್ಲ್ಯಾಟಿದ್ದರೆ ಕೆಳಗಿಳಿದು ಗೇಟಿನ ಬದಿಯ ಕ್ಯಾಬಿನ್ನಿನೊಳಗೆ ತಲೆ ಹಾಕಿ ನೋಡಿ. ಗೋಡೆಗೆ ಒರಗಿ ನಿಂತ ಗಂಡು ಹೆಣ್ಣಿನ ಮಾಸಿದ ಫೋಟೋ ಇನ್ನೂ ಅಂಟಿಕೊಂಡಿದೆ. ಅವರದಲ್ಲದಿದ್ದರೆ ಅಂಥದೇ ಇನ್ಯಾರದೋ ಇದೆ. ಯಾವ ಕೇಸು, ಯಾವ ಕೋರ್ಟು, ಅಂಟಿಸಿದವರು ಯಾರು ಎಂದು ವಾಚ್‌ಮನ್‌ನನ್ನು ಕೇಳಿ, ಸೊಸೈಟಿಯ ಸೆಕ್ರೆಟರಿಯನ್ನು ಕೇಳಿ. ಅವರಲ್ಲಿ ಉತ್ತರವಿಲ್ಲ. ಅಯ್ಯೋ ಪಾಪ ಎಂದು ಮೇಲೆ ಹತ್ತಿ ಹೋಗಬೇಡಿ, ನಿಮ್ಮ ಅಯ್ಯೋ ಪಾಪ ಅವಳಿಗೆ ಬೇಕಿಲ್ಲ. ಉಗುರು ಹಾಕಿ ಆ ಫೋಟೋ ಕೀಳಿ. ಇವತ್ತೇ ಕೀಳಿ, ನಾಲ್ಕು ಜನರ ಎದುರಿಗೇ ಕೀಳಿ.